ಮುಳುಗುವ ಮುನ್ನ ಕಾರ್ಡು ನೋಡಿ

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಅಲ್ಲಿಗೆ ದೋಣಿಗಳು ಹೊರಡುತ್ತವೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ತರಬೇತುದಾರನ ಕೈ ಹಿಡಿದು ಬಣ್ಣಬಣ್ಣದ ಮೀನು ನೋಡಿದ ಕಾಲೇಜು ಹುಡುಗ ಹುಡುಗಿಯರು ಮನೆಗೆ ಬರುವಾಗ ಒಂದು ಫೋಟೋ, ಕೆಲವೊಮ್ಮೆ ಹೆಸರು ಬರೆದ ಸರ್ಟಿಫಿಕೇಟನ್ನೂ ತರುತ್ತಾರೆ. ಗೋಡೆಗೆ ತೂಗುಹಾಕಲು ಅದು ಚೆನ್ನ. ಆದರೆ ಮುಂದೆ ಥಾಯ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೋಗಿ ಅದನ್ನು ತೋರಿಸಿದರೆ ಸಿಲಿಂಡರು ಸಿಗುವುದಿಲ್ಲ.

ಏಕೆಂದರೆ ಅದು ಬರೀ ಅನುಭವದ ಮುಳುಗು. ಒಂದೆರಡು ಗಂಟೆಯ ಇಂಥ ಕಾರ್ಯಕ್ರಮಕ್ಕೆ 'ಡಿಸ್ಕವರ್ ಸ್ಕೂಬಾ', 'ಟ್ರೈ ಸ್ಕೂಬಾ' ಎಂದೆಲ್ಲ ಹೆಸರುಗಳುಂಟು. ಜೀವದ ಹೊಣೆಯೆಲ್ಲ ತರಬೇತುದಾರನದು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ಬಂದವರಿಗೆ ಯಾರಾದರೂ ಲೈಸೆನ್ಸ್ ಕೊಡುತ್ತಾರೆಯೆ?

ಲೈಸೆನ್ಸ್ ಏಕೆ ಬೇಕೆಂಬುದನ್ನು ಹೈಸ್ಕೂಲಿನ ಬಾಯ್ಲನ ನಿಯಮವೇ ಹೇಳುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಜಾಗ ಕೇಳುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದರೆ ಶ್ವಾಸಕೋಶ ಹರಿಯಬಹುದು. ಇನ್ನೊಂದು ಅಪಾಯ ಸಾರಜನಕದ್ದು. ಒತ್ತಡದಲ್ಲಿ ರಕ್ತ, ಮಾಂಸಗಳಲ್ಲಿ ಕರಗಿದ ಈ ಅನಿಲ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ, ಅವಸರದಲ್ಲಿ ಮೇಲೆ ಬಂದವರ ಮೈಯಲ್ಲಿ ಗುಳ್ಳೆಯಾಗುತ್ತದೆ. ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆನ್ನುವುದೂ ಇದೇ ಕಾರಣಕ್ಕೆ. ಪೋರ್ಟ್ ಬ್ಲೇರ್‌ನಿಂದ ವಾಪಸು ಟಿಕೇಟು ಕಾದಿರಿಸುವ ತಂದೆತಾಯಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಈ ಕಾರ್ಡನ್ನು ಕೊಡುವುದು ಸರ್ಕಾರವಲ್ಲ, ಯಾವ ವಿಶ್ವವಿದ್ಯಾಲಯವೂ ಅಲ್ಲ. ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ 1943ರಲ್ಲಿ ಮುಳುಗುಗಾರನ ಉಸಿರಿಗೆ ತಕ್ಕಷ್ಟೇ ಗಾಳಿ ಬಿಡುವ ಸಾಧನ ರೂಪಿಸಿದ ಮೇಲೆ ಹವ್ಯಾಸಿಗಳು ಹೆಚ್ಚಿದರು. ಅವರಿಗೆ ಕಲಿಸಲು ಸಂಸ್ಥೆಗಳು ಹುಟ್ಟಿದವು. ಬ್ರಿಟಿಷ್ ಸಬ್‌-ಆಕ್ವಾ ಕ್ಲಬ್ 1953ರದ್ದು. ಕೂಸ್ತೋ ಮೊದಲ ಅಧ್ಯಕ್ಷರಾಗಿದ್ದ ಸಿಎಂಎಎಸ್ ಒಕ್ಕೂಟ 1959ರದ್ದು. ಅದು ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ಕೊಡುತ್ತದೆ. ಅಮೆರಿಕದಲ್ಲಿ 1966ರಲ್ಲಿ ಪ್ಯಾಡಿ, 1970ರಲ್ಲಿ ಎಸ್‌ಎಸ್‌ಐ ಆರಂಭವಾದವು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯ ಎರಡರ ಕೇಂದ್ರಗಳು.

ಯಾವುದು ಮೇಲು ಎಂಬ ಜಗಳ ವ್ಯರ್ಥ. ಕೇಳಬೇಕಾದದ್ದು ದರ್ಜೆ ಯಾವುದೆಂದು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 24801-2 ಎಂಬ ಮಾನಕ, ತರಬೇತುದಾರನಿಲ್ಲದೆ ಜೊತೆಗಾರನೊಡನೆ ಮುಳುಗಬಲ್ಲವನ ಅರ್ಹತೆಯನ್ನು ಹೇಳುತ್ತದೆ. ಪ್ಯಾಡಿ, ಎಸ್‌ಎಸ್‌ಐಗಳ 'ಓಪನ್ ವಾಟರ್ ಡೈವರ್' ಇದಕ್ಕೆ ಸಮ. ಪ್ಯಾಡಿಯಲ್ಲಿ ಇದರ ಮಿತಿ 18 ಮೀಟರ್ ಆಳ. ಇಲ್ಲೊಂದು ಮೋಸದ ತಿರುವಿದೆ. 'ಸ್ಕೂಬಾ ಡೈವರ್' ಎಂಬ ಇನ್ನೊಂದು ಕಾರ್ಡಿದೆ. ಹೆಸರು ಕೇಳಿದರೆ ಅದೇ ದೊಡ್ಡದೆನಿಸುತ್ತದೆ! ವಾಸ್ತವದಲ್ಲಿ ಅದು ಕೆಳಗಿನ ಮೆಟ್ಟಿಲು: 12 ಮೀಟರ್‌ವರೆಗೆ ಮಾತ್ರ, ಅದೂ ವೃತ್ತಿಪರನೊಬ್ಬ ಜೊತೆಗಿದ್ದರೆ. ಹಣ ಕಟ್ಟುವ ಮೊದಲು ರಸೀದಿಯಲ್ಲಿ ಯಾವ ಹೆಸರಿದೆ ಎಂದು ಓದಿಕೊಳ್ಳಬೇಕು.

ಓಪನ್ ವಾಟರ್ ಕೋರ್ಸಿನಲ್ಲಿ ಪಾಠ, ಈಜುಕೊಳದಂಥ ತಿಳಿನೀರಿನ ಅಭ್ಯಾಸ, ಕಡಲಲ್ಲಿ ನಾಲ್ಕು ಮುಳುಗು ಇರುತ್ತವೆ. ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದವರು ಕೊಡುವುದು ಈ ಕಾರ್ಡನ್ನಲ್ಲ. ಪ್ಯಾಡಿಯಲ್ಲಿ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಹತ್ತು ವರ್ಷ ತುಂಬಿದ ಮಕ್ಕಳಿಗೆ ಜೂನಿಯರ್ ಕಾರ್ಡು ಉಂಟು. 15ಕ್ಕೆ ಅದು ದೊಡ್ಡವರ ಕಾರ್ಡಾಗುತ್ತದೆ. ಆರೋಗ್ಯದ ಪ್ರಶ್ನಾವಳಿಯನ್ನು ಮಾತ್ರ ಸುಳ್ಳು ಬರೆದು ದಾಟಿಸಬಾರದು. ಆಸ್ತಮಾ, ಮೂರ್ಛೆರೋಗ, ಕಿವಿಯ ತೊಂದರೆ ಇದ್ದವರಿಗೆ ವೈದ್ಯರ ಒಪ್ಪಿಗೆ ಬೇಕೇಬೇಕು.

ಒಬ್ಬ ತರಬೇತುದಾರನ ಕೈಕೆಳಗೆ ಎಷ್ಟು ಜನ ಎಂದೂ ವಿಚಾರಿಸಬೇಕು. ಕಡಲಲ್ಲಿ 8 ಜನರವರೆಗೆ ಪ್ಯಾಡಿ ನಿಯಮ ಒಪ್ಪುತ್ತದೆ, ನಾಲ್ವರಿದ್ದರೆ ನಿಶ್ಚಿಂತೆ. ತರಬೇತುದಾರನ ಸದಸ್ಯತ್ವ ಸಂಖ್ಯೆ ಕೇಳಿ ಸಂಸ್ಥೆಯ ದಾಖಲೆಯಲ್ಲಿ ತಾಳೆ ನೋಡಲು ಸಂಕೋಚ ಬೇಡ; ಮಗನನ್ನು ಕಾಲೇಜಿಗೆ ಸೇರಿಸುವಾಗ ಹತ್ತು ಕಡೆ ವಿಚಾರಿಸುವವರು ಇಲ್ಲೇಕೆ ನಾಚಬೇಕು? ಪಾಠ, ಕೊಳದ ಅಭ್ಯಾಸಗಳನ್ನು ಊರಲ್ಲೇ ಮುಗಿಸಿ, 'ರೆಫರಲ್' ಪತ್ರದೊಂದಿಗೆ ಅಂಡಮಾನಿನಲ್ಲೋ ಹೊರದೇಶದಲ್ಲೋ ಕಡಲ ಮುಳುಗುಗಳನ್ನು ಪೂರೈಸುವ ಅವಕಾಶವೂ ಇದೆ.

ಇದು ಹವ್ಯಾಸದ ಕಾರ್ಡು, ಉದ್ಯೋಗದ ಪರವಾನಗಿಯಲ್ಲ. ತೈಲಬಾವಿಗಳಲ್ಲಿ ನೀರಿನಡಿ ಬೆಸುಗೆ ಹಾಕುವವರ ತರಬೇತಿಯೇ ಬೇರೆ, ಕಾನೂನೂ ಬೇರೆ. ಪ್ರವಾಸಿಗರನ್ನು ಕರೆದೊಯ್ಯುವ ಡೈವ್‌ಮಾಸ್ಟರ್ ಆಗಲು 18 ವರ್ಷ ತುಂಬಿರಬೇಕು, ಪ್ಯಾಡಿಯ ಲೆಕ್ಕದಲ್ಲಿ 60 ಮುಳುಗುಗಳಾಗಿರಬೇಕು. ಕಡಲ ಜೀವಶಾಸ್ತ್ರ ಓದಲು ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿನ ವಿಶ್ವವಿದ್ಯಾಲಯಗಳು ವೈಜ್ಞಾನಿಕ ಮುಳುಗಿನ ಪ್ರತ್ಯೇಕ ತರಬೇತಿ ಕೊಡುತ್ತವೆ. ಓಪನ್ ವಾಟರ್ ಅದಕ್ಕೆ ಮೊದಲ ಮೆಟ್ಟಿಲು.

ಕಾರ್ಡಿಗೆ ಅವಧಿ ತೀರುವುದೆಂಬುದಿಲ್ಲ. ಆದರೆ ವರ್ಷಗಟ್ಟಲೆ ನೀರಿಗಿಳಿಯದವರಿಗೆ ಅನೇಕ ಕೇಂದ್ರಗಳು ಮುಳುಗಿನ ದಿನಚರಿ ಪುಸ್ತಕ ನೋಡಿ, ಕೊಳದಲ್ಲಿ ಮತ್ತೊಮ್ಮೆ ಅಭ್ಯಾಸ ಮಾಡಿಸಿಯೇ ಕಡಲಿಗೆ ಬಿಡುತ್ತವೆ.