ಹಳೇ ಲೆದರ್ ಜಾಕೆಟ್, ಹೋಗದ ಮುಗ್ಗಲು ವಾಸನೆ

ಸೆಕೆಂಡ್‌ಹ್ಯಾಂಡ್ ಲೆದರ್ ಜಾಕೆಟ್ ಅಗ್ಗಕ್ಕೆ ಸಿಕ್ತು, ಸರಿ. ಹಾಕ್ಕೊಂಡ್ರೆ ಮಳೆಗಾಲದ ಅಟ್ಟದ ವಾಸನೆ! ದಯವಿಟ್ಟು ಸೆಂಟ್ ಹೊಡೀಬೇಡಿ. ಮುಗ್ಗಲಿಗೆ ಮಲ್ಲಿಗೆ ಸೇರಿದ್ರೆ ಇನ್ನೂ ಘೋರ.

ಜೇಬುಗಳನ್ನ ಹೊರಗೆ ಎಳೀರಿ. ಹೊಲಿಗೆ ಸಂದೀಲಿ ಬೂದು ಬಣ್ಣದ ಪುಡಿ ಕಾಣ್ತಿದೆಯಾ? ಅದು ಬೂಷ್ಟು ಇರಬಹುದು. ಎಷ್ಟೋ ಸಲ ವಾಸನೆ ಕೂತಿರೋದು ಚರ್ಮದಲ್ಲಲ್ಲ, ಒಳಗಿನ ಲೈನಿಂಗ್ ಬಟ್ಟೇಲಿ. ಕಂಕುಳ ಹತ್ರ ಮೂಸಿ ನೋಡಿ, ಗೊತ್ತಾಗುತ್ತೆ.

ಮಾಸ್ಕ್ ಹಾಕ್ಕೊಂಡು, ಮನೆ ಹೊರಗೆ, ಒಣ ಬ್ರಶ್‌ನಿಂದ ಆ ಪುಡೀನ ಉದುರಿಸಿ. ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ. ಕಾಲರ್ ಕೆಳಗೆ ಸ್ವಲ್ಪ ಹಚ್ಚಿ ನೋಡಿ. ಬಣ್ಣ ಬಿಟ್ರೆ ಅಲ್ಲಿಗೇ ನಿಲ್ಲಿಸಿ. ಬಿಡಲಿಲ್ವಾ? ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಒಳಗೂ ಹೊರಗೂ ಒರೆಸಿ. ತೋಯಿಸಬೇಡಿ. ಸ್ವೇಡ್ ಆದ್ರೆ ಇದ್ಯಾವುದೂ ಬೇಡ, ಲೆದರ್ ಕ್ಲೀನ್ ಮಾಡೋರಿಗೇ ಕೊಡಿ.

ಆಮೇಲೆ ಜಿಪ್ ಬಿಚ್ಚಿ, ದಪ್ಪ ಹ್ಯಾಂಗರ್‌ಗೆ ಹಾಕಿ, ನೆರಳಲ್ಲಿ ಫ್ಯಾನ್ ಗಾಳಿಗೆ ಬಿಡಿ. ‘ಬಿಸಿಲಿಗೆ ಹಾಕೋ’ ಅಂತ ಅಜ್ಜಿ ಅಂತಾರೆ. ಹಾಸಿಗೆಗೆ ಸರಿ; ಆದ್ರೆ ಬಿಸಿಲಿಗೆ ಚರ್ಮ ಒಣಗಿ ಬಿರುಕು ಬಿಡುತ್ತೆ.

ಇನ್ನೂ ವಾಸನೆಯಾ? ಅಡುಗೆ ಸೋಡಾ ತೆಳು ಬಟ್ಟೇಲಿ ಗಂಟು ಕಟ್ಟಿ, ತೋಳುಗಳೊಳಗೆ ತುರುಕಿ, ಮುಚ್ಚಿದ ಪೆಟ್ಟಿಗೇಲಿ ಒಂದೆರಡು ದಿನ ಇಡಿ. ಪುಡೀನೇ ಸುರಿದ್ರೆ ಹೊಲಿಗೆಯೊಳಗಿಂದ ತೆಗೆಯೋರ್ಯಾರು?

ಕೊನೆಗೆ ತೆಳ್ಳಗೆ ಲೆದರ್ ಕಂಡೀಷನರ್. ಕೊಬ್ಬರಿ ಎಣ್ಣೆ ಬಳಿದೀರಿ, ಜೋಕೆ! ಕಲೆ ಬೀಳುತ್ತೆ, ಬರ್ತಾ ಬರ್ತಾ ಕಮಟೂ ಹಿಡೀಬಹುದು. ಬೀರುವಿನಲ್ಲಿ ಇಡುವಾಗ ಪ್ಲಾಸ್ಟಿಕ್ ಕವರ್ ಬಿಸಾಕಿ, ಹಳೇ ಕಾಟನ್ ಪಂಚೆ ಹೊದಿಸಿ.