ಬ್ಯಾಕಪ್ ಇದೆ ಸರಿ, ಟೇಪ್‌ನಿಂದ ಮಾಹಿತಿ ಮರಳುವುದು ಎಂದು?

ಪಡೀಲ್ (ಮಂಗಳೂರು): ದಕ್ಷಿಣ ಕನ್ನಡ ಜಿಲ್ಲಾಧಿಕಾರಿ ಕಚೇರಿಯ ನೂತನ ಸಂಕೀರ್ಣ 2025ರ ಮೇ ತಿಂಗಳಲ್ಲಿ ಪಡೀಲ್‌ನಲ್ಲಿ ಉದ್ಘಾಟನೆಗೊಂಡಿತು. ದಾಖಲೆಪತ್ರಗಳಿಗಾಗಿ ಇಂತಹ ಕಚೇರಿಗಳಿಗೆ ಬರುವವರ ಪಾಲಿಗೆ ಧೂಳು ಹಿಡಿದ ಕಡತಗಳ ಕಾಲ ಬಹುತೇಕ ಮುಗಿದಿದೆ. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು 2000ದ ದಶಕದ ಆರಂಭದಲ್ಲೇ ಗಣಕೀಕೃತಗೊಂಡವು. ಬ್ಯಾಂಕು, ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜುಗಳೂ ಅದೇ ಹಾದಿ ಹಿಡಿದಿವೆ. ಆದರೆ 'ಸರ್ವರ್ ಡೌನ್' ಎಂಬ ಮಾತು ಕೇಳಿ ಬರಿಗೈಯಲ್ಲಿ ಮರಳಿದ ಅನುಭವ ಯಾರಿಗಿಲ್ಲ?

ಸರ್ವರ್‌ನ ಡಿಸ್ಕ್ ಪೂರ್ತಿ ಕೆಟ್ಟರೆ ಅಥವಾ ವೈರಸ್ ದಾಳಿಗೆ ತುತ್ತಾದರೆ ಕೈ ಹಿಡಿಯುವುದು ಬ್ಯಾಕಪ್ ಪ್ರತಿ. ಅದನ್ನು ಕಾಂತೀಯ ಟೇಪ್‌ನಲ್ಲಿ ಇಡುವ ಪದ್ಧತಿ ಹಳೆಯದಾದರೂ ಇಂದಿಗೂ ಪ್ರಸ್ತುತ. ಯಂತ್ರದಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಯಾವ ವೈರಸ್ಸೂ ಮುಟ್ಟಲಾರದು. 2011ರ ಫೆಬ್ರುವರಿಯಲ್ಲಿ ತಂತ್ರಾಂಶ ದೋಷದಿಂದ ಜಿಮೇಲ್‌ನ ಶೇ. 0.02ರಷ್ಟು ಬಳಕೆದಾರರ ಅಂಚೆ ಕಣ್ಮರೆಯಾದಾಗ ಗೂಗಲ್ ಸಂಸ್ಥೆ ಮೊರೆಹೋದದ್ದು ಟೇಪ್‌ಗೇ. ಅಂಚೆ ಮರಳಿತು, ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಹಿಡಿಯಿತು.

ಸಮಸ್ಯೆ ಇರುವುದು ಈ ವಿಳಂಬದಲ್ಲೇ. ರಾತ್ರಿಯ ಕೆಲವೇ ಗಂಟೆಗಳಲ್ಲಿ ಬ್ಯಾಕಪ್ ಮುಗಿಯಬೇಕೆಂಬ ಅವಸರದಲ್ಲಿ ತಂತ್ರಾಂಶವನ್ನು ಬರವಣಿಗೆಯ ವೇಗಕ್ಕಷ್ಟೇ ಹೊಂದಿಸಲಾಗುತ್ತದೆ. ಓದುವ ದಿನ ಬಂದಾಗ ಅದೇ ಹೊಂದಾಣಿಕೆ ಮುಳುವಾಗುತ್ತದೆ.

ಎಂಟು ಎಳೆಗಳ ಹೆಣಿಗೆ

2021ರಲ್ಲಿ ಬಂದ ಎಲ್‌ಟಿಒ-9 ಟೇಪ್‌ನ ಉದ್ದ ಒಂದು ಕಿಲೋಮೀಟರ್‌ಗೂ ತುಸು ಹೆಚ್ಚು. ಧಾರಣಶಕ್ತಿ 18 ಟಿಬಿ, ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಈ ವೇಗದಲ್ಲೂ ಇಡೀ ಟೇಪ್ ಓದಲು ಹನ್ನೆರಡೂವರೆ ಗಂಟೆ ಬೇಕು.

ಮಾಹಿತಿ ನಿಧಾನವಾಗಿ ಬಂದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಹೊರಡಬೇಕಾಗುತ್ತದೆ. ಇದನ್ನು ತಪ್ಪಿಸಲು ಹಲವು ಸರ್ವರ್‌ಗಳ ಮಾಹಿತಿಯನ್ನು ಜಡೆಯಂತೆ ಹೆಣೆದು ಒಂದೇ ಟೇಪ್‌ಗೆ ಬರೆಯುತ್ತಾರೆ. ಇದೇ ಮಲ್ಟಿಪ್ಲೆಕ್ಸಿಂಗ್. ಎಂಟು ಸರ್ವರ್‌ಗಳ ಮಾಹಿತಿ ಸಮನಾಗಿ ಹೆಣೆದಿದೆ ಎಂದುಕೊಳ್ಳೋಣ. ಅವುಗಳಲ್ಲಿ ಒಂದರ 100 ಜಿಬಿ ಮಾತ್ರ ಬೇಕಾದರೂ ಯಂತ್ರ 800 ಜಿಬಿ ದಾಟಿಹೋಗಬೇಕು. ನಾಲ್ಕು ನಿಮಿಷದ ಕೆಲಸಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಪರಿಹಾರ ಕಷ್ಟವೇನಲ್ಲ. ಮಾಹಿತಿಯನ್ನು ಮೊದಲು ಡಿಸ್ಕ್‌ನಲ್ಲಿ ಶೇಖರಿಸಿ, ಬಳಿಕ ಒಂದೊಂದು ಸರ್ವರ್‌ನದನ್ನು ದೊಡ್ಡ ತುಂಡುಗಳಾಗಿ ಟೇಪ್‌ಗೆ ಬರೆಯಬೇಕು. ಉಚಿತವಾಗಿ ದೊರೆಯುವ ಬಕುಲಾ ತಂತ್ರಾಂಶದಲ್ಲೂ ಸ್ಪೂಲಿಂಗ್ ಎಂಬ ಹೆಸರಿನಲ್ಲಿ ಈ ಸೌಲಭ್ಯವಿದೆ. ಡಿಸ್ಕ್‌ಗೆ ಹಣವಿಲ್ಲದ ಸಂಸ್ಥೆಗಳು ಮುಖ್ಯ ಸರ್ವರ್‌ಗಳ ಮಟ್ಟಿಗಾದರೂ ಹೆಣಿಗೆಯನ್ನು ಕಡಿಮೆ ಮಾಡುವುದು ಒಳಿತು.

ಎಷ್ಟು ಪ್ರತಿ, ಎಷ್ಟು ಟೇಪ್?

ಎರಡನೆಯದು ವೇಳಾಪಟ್ಟಿ. ಭಾನುವಾರ ರಾತ್ರಿ ಪೂರ್ಣ ಬ್ಯಾಕಪ್, ಉಳಿದ ರಾತ್ರಿಗಳಲ್ಲಿ ಆಯಾ ದಿನದ ಬದಲಾವಣೆ ಮಾತ್ರ ಎಂಬುದು ಇನ್‌ಕ್ರಿಮೆಂಟಲ್ ಕ್ರಮ. ಶನಿವಾರ ಬೆಳಿಗ್ಗೆ ಸರ್ವರ್ ಕೆಟ್ಟರೆ ಆರು ಪ್ರತಿಗಳನ್ನು ಒಂದಾದ ಮೇಲೊಂದರಂತೆ ಓದಬೇಕು. ಪೂರ್ಣ ಬ್ಯಾಕಪ್‌ನ ನಂತರದ ಎಲ್ಲ ಬದಲಾವಣೆಗಳನ್ನು ಪ್ರತಿ ರಾತ್ರಿ ಒಟ್ಟಾಗಿ ಬರೆಯುವ ಡಿಫರೆನ್ಷಿಯಲ್ ಕ್ರಮದಲ್ಲಿ ಎರಡೇ ಪ್ರತಿ ಸಾಕು. ರಾತ್ರಿಯ ಕೆಲಸ ತುಸು ಹೆಚ್ಚಿದರೂ ಆಪತ್ತಿನ ಹಗಲು ಹಗುರವಾಗುತ್ತದೆ. ಒಂದು ಸರ್ವರ್‌ನ ಪ್ರತಿಗಳು ಹತ್ತು ಟೇಪ್‌ಗಳಲ್ಲಿ ಚದುರದಂತೆ ಪ್ರತ್ಯೇಕ ಗುಂಪು ಮಾಡಿಡುವುದೂ ಅಗತ್ಯ.

ಮೂರನೆಯದು ಗುರುತುಗಳು. ಬರೆಯುವಾಗ ನಡುನಡುವೆ ಗುರುತು ಹಾಕಿದ್ದರೆ ಯಂತ್ರ ಬೇಕಾದ ಕಡೆಗೆ ವೇಗವಾಗಿ ಜಿಗಿಯಬಲ್ಲದು. ಗುರುತುಗಳು ತೀರಾ ವಿರಳವಾದರೆ ಒಂದು ಕಡತಕ್ಕಾಗಿ ಬಹಳಷ್ಟು ಓದಬೇಕು, ತೀರಾ ದಟ್ಟವಾದರೆ ಬರವಣಿಗೆ ಕುಂಟುತ್ತದೆ. ಹದ ಕಾಯ್ದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಟಲಾಗ್. ಯಾವ ಕಡತ ಯಾವ ಟೇಪ್‌ನ ಯಾವ ಸ್ಥಳದಲ್ಲಿದೆ ಎಂಬ ಸೂಚಿ ಇದು. ಸರ್ವರ್ ಜೊತೆಗೆ ಸೂಚಿಯೂ ನಾಶವಾದರೆ ಟೇಪ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಶೋಧಿಸದೆ ಗತ್ಯಂತರವಿಲ್ಲ. ಸೂಚಿಯ ಪ್ರತಿಯನ್ನು ಬೇರೆಡೆ ಇಡಬೇಕು. ಟೇಪ್ ಉಳಿಯುವಷ್ಟು ಕಾಲ ಸೂಚಿಯೂ ಉಳಿಯುವಂತೆ ಅವಧಿ ನಿಗದಿಪಡಿಸಬೇಕು.

ಕರಾವಳಿಗೆ ಇನ್ನೊಂದು ಎಚ್ಚರಿಕೆ ಅನ್ವಯಿಸುತ್ತದೆ. ಮಳೆಗಾಲದ ತೇವಾಂಶ ಟೇಪ್‌ಗೆ ಹಿತವಲ್ಲ. ಅವುಗಳಿಗೆ ಹವಾನಿಯಂತ್ರಿತ ಒಣ ಕೊಠಡಿಯೇ ತಕ್ಕ ಜಾಗ.

ಇಷ್ಟೆಲ್ಲ ಮಾಡಿದರೂ ಪರೀಕ್ಷೆಯಿಲ್ಲದೆ ಫಲಿತಾಂಶವಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಒಂದು ಸರ್ವರ್‌ನ ಮಾಹಿತಿಯನ್ನು ಟೇಪ್‌ನಿಂದ ಬೇರೊಂದು ಯಂತ್ರಕ್ಕೆ ಇಳಿಸಿ, ಹಿಡಿದ ಸಮಯವನ್ನು ಬರೆದಿಡಬೇಕು. 'ಬ್ಯಾಕಪ್ ಯಶಸ್ವಿ' ಎಂಬ ಪ್ರತಿ ರಾತ್ರಿಯ ಸಂದೇಶ ಹೇಳುವುದು ಅರ್ಧ ಸತ್ಯವನ್ನು ಮಾತ್ರ. ಕೌಂಟರ್‌ನ ಮುಂದೆ ಸಾಲಿನಲ್ಲಿ ನಿಂತವರಿಗೆ ಬೇಕಾದ ಉತ್ತರ ಇರುವುದು ಆ ಇನ್ನೊಂದು ಅರ್ಧದಲ್ಲಿ.