ಬಂಡೆಯಂಚಿನ ಒಂಟಿ ಗಿಡ

ಕ್ರಿಕೆಟ್ ಬ್ಯಾಟು ಯಾವ ಮರದ್ದೆಂದು ಕೇಳಿದರೆ ಶಾಲಾ ಬಾಲಕರೂ ‘ವಿಲ್ಲೋ’ ಎಂದಾರು. ನಮ್ಮ ಪಶ್ಚಿಮ ಘಟ್ಟದ ಹೊಳೆದಂಡೆಯ ನೀರವಂಜಿಯೂ ಅದೇ ಕುಲಕ್ಕೆ ಸೇರಿದ ಮರ. ಆದರೆ ಈ ಕುಲದಲ್ಲಿ ಶೀತಪ್ರದೇಶದಲ್ಲೇ ಬಾಳುವ ಕುಳ್ಳ ಪೊದೆಗಳೂ ಇವೆ. ಅವುಗಳಲ್ಲೊಂದಾದ ಉಣ್ಣೆ ವಿಲ್ಲೋವನ್ನು ಇಂದು ಓದುಗರಿಗೆ ಪರಿಚಯಿಸಬಯಸುತ್ತೇವೆ.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಇದಕ್ಕಿಟ್ಟ ಹೆಸರು ‘ಸಾಲಿಕ್ಸ್ ಲನಾಟಾ’. ಲನಾಟಾ ಎಂದರೆ ಉಣ್ಣೆಯುಳ್ಳದ್ದು. ಎತ್ತರ ಸಾಮಾನ್ಯವಾಗಿ ಒಂದು ಮೀಟರಿನಷ್ಟು. ದುಂಡಗಿನ ಎಲೆಗಳ ಮೇಲೆ ಬಿಳಿಬೂದು ಬಣ್ಣದ ನವಿರಾದ ರೋಮ. ಕೊರೆಯುವ ಗಾಳಿಗೆ ಅದೇ ಕಂಬಳಿ. ಹಿಮ ಕರಗಿದ ಮೇಲೆ ನೆಟ್ಟಗೆ ನಿಲ್ಲುವ ಹೊಂಬಣ್ಣದ ಹೂತೆನೆಗಳಿಗೆ ದುಂಬಿಗಳು ಮುತ್ತುತ್ತವೆ. ಐಸ್‌ಲೆಂಡ್, ಸ್ಕಾಂಡಿನೇವಿಯಾ, ಉತ್ತರ ರಷ್ಯಾಗಳಲ್ಲಿ ಇದು ಅಪರೂಪದ್ದೇನಲ್ಲ.

ಬ್ರಿಟನ್ನಿನಲ್ಲಿ ಮಾತ್ರ ಇದರ ಪಾಡು ಬೇರೆ. ಅಲ್ಲಿ ಸ್ಕಾಟ್‌ಲೆಂಡಿನ ಮಲೆನಾಡಿನ ಕೆಲವೇ ಕಡೆ, ಸುಣ್ಣದಂಶವುಳ್ಳ ತೇವದ ಬಂಡೆಗಳಲ್ಲಿ ಇದು ಉಳಿದಿದೆ. ಕೋರಿ ಫೀ ಎಂಬ ಕಣಿವೆ ಅಂಥ ಒಂದು ತಾಣ. ಗಿಡಕ್ಕೆ ಬಂಡೆಯೇ ಇಷ್ಟವೆಂದಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವಲ್ಲ, ಅಲ್ಲಿ ಆ ಕೆಲಸವನ್ನು ಕುರಿಯೂ ಜಿಂಕೆಯೂ ಮಾಡಿವೆ. ಬಾಯಿಗೆಟುಕಿದ್ದೆಲ್ಲ ಮೇವಾಯಿತು, ಎಟುಕದ ಬಂಡೆಯಂಚಿನದು ಮಾತ್ರ ಬದುಕಿಕೊಂಡಿತು.

ಬದುಕಿದ್ದೇನೋ ನಿಜ. ಆದರೆ ಸಂತಾನ? ಜಾಯಿಕಾಯಿ ಬೆಳೆದವರಿಗೆ ಗೊತ್ತು: ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ವಿಲ್ಲೋವಿನದೂ ಇದೇ ಕ್ರಮ. ಈ ಬಂಡೆಯಲ್ಲಿ ಒಂದು ಹೆಣ್ಣು, ಗುಡ್ಡದಾಚೆ ಒಂದು ಗಂಡು ಎಂದಾದರೆ ದುಂಬಿ ತಾನೇ ಎಷ್ಟು ದೂರ ಪರಾಗ ಹೊತ್ತೀತು? ಒಂದು ವೇಳೆ ಬೀಜ ಕಟ್ಟಿದರೂ, ಹತ್ತಿಯಂತೆ ತೇಲಿಹೋಗುವ ಆ ಸೂಕ್ಷ್ಮ ಬೀಜದ ಆಯುಸ್ಸು ಅತ್ಯಲ್ಪ. ಅಷ್ಟರೊಳಗೆ ತೇವದ ಬರಿಮಣ್ಣು ಸಿಗಬೇಕು. ಮೊಳೆತ ಸಸಿ ಕುರಿಯ ಬಾಯಿಂದ ಪಾರಾಗಬೇಕು. ಹೀಗಾಗಿ ಹಳೆಯ ಗಿಡಗಳು ವರ್ಷವರ್ಷವೂ ಹೂಬಿಟ್ಟರೂ ಪಕ್ಕದಲ್ಲಿ ಎಳೆಯ ಗಿಡಗಳು ಕಾಣುವುದೇ ಅಪರೂಪ.

ಇದ್ದ ಗಿಡಗಳನ್ನು ಕಾದರಷ್ಟೇ ಸಾಲದೆಂದು ಅಲ್ಲಿನವರು ಅರಿತರು. 1214 ಮೀಟರ್ ಎತ್ತರದ ಬೆನ್ ಲಾವರ್ಸ್ ಪರ್ವತದಲ್ಲಿ 1980ರ ದಶಕದ ಕೊನೆಯಿಂದೀಚೆಗೆ ಬೇಲಿ ಕಟ್ಟಿ ಕುರಿ, ಜಿಂಕೆಗಳನ್ನು ಹೊರಗಿಡಲಾಯಿತು. ಪರ್ವತದ ವಿಲ್ಲೋ ಜಾತಿಗಳ ಸಸಿಗಳನ್ನು ನೆಡಲಾಯಿತು. ಬೇಲಿಯೊಳಗೆ ಪೊದೆಗಳೂ ಎತ್ತರದ ಹೂಗಿಡಗಳೂ ಮತ್ತೆ ತಲೆಯೆತ್ತಿವೆ. ಗೆಲ್ಲು ಕಡಿದು ನೆಟ್ಟರೂ ವಿಲ್ಲೋ ಚಿಗುರುತ್ತದೆ. ಆದರೆ ಗಂಡು ಗಿಡದ ಗೆಲ್ಲಿನಿಂದ ಗಂಡೇ, ಹೆಣ್ಣು ಗಿಡದ್ದರಿಂದ ಹೆಣ್ಣೇ. ಆದುದರಿಂದ ಎರಡನ್ನೂ ಒಟ್ಟಿಗೆ, ಒತ್ತಾಗಿ ನೆಟ್ಟರೆ ಮಾತ್ರ ಬೀಜದ ಆಸೆ.

ಬಂಡೆಯ ತುದಿಯಲ್ಲಿ ಒಂಟಿಯಾಗಿ ನಿಂತ ಗಿಡವನ್ನು ಉಳಿದ ಗಿಡ ಎನ್ನಬಹುದೇ ಹೊರತು ಬೆಳೆಯುವ ಗಿಡ ಎನ್ನಲಾಗದು. ಅದಕ್ಕೆ ಬೇಕಾದುದು ಬೇಲಿಯಷ್ಟೇ ಅಲ್ಲ, ನೆರೆಯಲ್ಲಿ ತನ್ನವರು. ಈ ಮಾತು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದುದಲ್ಲ ಎಂದು ನಂಬಿದ್ದೇವೆ.